ಖಾನಾವಳಿಯವರೂ ಹೋಗಬೇಕಾದ ಜಾತ್ರೆ



ವಾಡಿಯಿಂದ ಸಿಕಂದರಾಬಾದಿನ ಕಡೆಗೆ ಹೊರಟ ರೈಲು ಚಿತ್ತಾಪುರ, ಮಳಖೇಡ, ಸೇಡಂ ದಾಟಿದ ಮೇಲೆ ಸಿಗುವ ನಿಲ್ದಾಣ ಕುರಕುಂಟಾ. 1874ರಲ್ಲಿ, ನಿಜಾಮರ ಆಳ್ವಿಕೆಯಲ್ಲಿ ಬಂದ ರೈಲು ಮಾರ್ಗವಿದು. ಈ ಸೀಮೆಯಲ್ಲಿ ನೆಲದ ಮೇಲೆ ತೊಗರಿ, ಜೋಳ. ನೆಲದ ಕೆಳಗೆ ಸುಣ್ಣದ ಕಲ್ಲು. ಆ ಕಲ್ಲನ್ನು ನಂಬಿ 1970ರ ದಶಕದಲ್ಲಿ ಕೇಂದ್ರ ಸರ್ಕಾರಕ್ಕೆ ಸೇರಿದ ಸಿಮೆಂಟ್ ಕಾರ್ಪೊರೇಷನ್ ಆಫ್ ಇಂಡಿಯಾ ಕುರಕುಂಟಾದಲ್ಲಿ ಕಾರ್ಖಾನೆ ನಡೆಸತೊಡಗಿತು. 1990ರ ದಶಕ ಮುಗಿಯುವ ಹೊತ್ತಿಗೆ ಅಲ್ಲಿ ಉತ್ಪಾದನೆ ನಿಂತುಹೋಯಿತು.

ಕಾರ್ಖಾನೆಯೊಂದು ನಿಂತಾಗ ಕೆಲಸ ಕಳೆದುಕೊಂಡ ಕಾರ್ಮಿಕರ ಲೆಕ್ಕ ಕಡತದಲ್ಲಿ ದಾಖಲಾಗುತ್ತದೆ. ಗೇಟಿನ ಎದುರಿನ ಚಹಾದಂಗಡಿ, ಪಾಳಿ ಮುಗಿಸಿ ಬಂದವರಿಗೆ ಊಟ ಬಡಿಸುವ ಖಾನಾವಳಿ, ಲಾರಿ ಚಾಲಕರು ತಂಗುವ ನಾಲ್ಕು ಕೋಣೆಯ ಲಾಡ್ಜು, ಇವುಗಳ ಲೆಕ್ಕವನ್ನು ಯಾರೂ ಬರೆದಿಡುವುದಿಲ್ಲ. ಒಂದೇ ಗೇಟನ್ನು ನಂಬಿದ ಗಲ್ಲಾಪೆಟ್ಟಿಗೆ ಆ ಗೇಟಿನ ಜೊತೆಗೇ ಮುಚ್ಚುತ್ತದೆ. ವಾಡಿ, ಶಹಾಬಾದ, ಸೇಡಂ, ಮಳಖೇಡಗಳಂತಹ ಕಾರ್ಖಾನೆ ಊರುಗಳಲ್ಲೆಲ್ಲ ಊಟ ವಸತಿಯ ಉದ್ಯಮಕ್ಕೆ ಇರುವ ಮೊದಲ ಭಯ ಇದೇ. ಈ ಭಯಕ್ಕೆ ಇರುವ ಔಷಧಗಳಲ್ಲಿ ಒಂದರ ಹೆಸರು ವ್ಯಾಪಾರ ಮೇಳ.

ಖಾನಾವಳಿಗೂ ಮೇಳಕ್ಕೂ ಎಲ್ಲಿಯ ಸಂಬಂಧ ಎಂದು ಕೇಳುವವರಿದ್ದಾರೆ. ದೊಡ್ಡ ಪಟ್ಟಣದ ಸಭಾಂಗಣ, ಝಗಮಗಿಸುವ ದೀಪ, ಟೈ ಕಟ್ಟಿದ ಮಾರಾಟಗಾರರು, ಇದೆಲ್ಲ ಪಂಚತಾರಾ ಹೋಟೆಲಿನವರ ವ್ಯವಹಾರವೆಂದು ಅವರ ಭಾವನೆ. ಆದರೆ ಮೇಳದ ಹೊರ ಅಲಂಕಾರವನ್ನು ತೆಗೆದು ನೋಡಿದರೆ ಉಳಿಯುವುದು ಈ ಭಾಗದ ಜನರಿಗೆ ಚೆನ್ನಾಗಿ ಗೊತ್ತಿರುವ ಜಾತ್ರೆಯೇ. ಜಾತ್ರೆಯ ದನದ ಸಂತೆಯಲ್ಲಿ ರೈತ ಎತ್ತಿನ ಹಲ್ಲು ನೋಡುತ್ತಾನೆ, ಬಾಲ ಮುಟ್ಟುತ್ತಾನೆ, ನಡೆಸಿ ನೋಡುತ್ತಾನೆ, ಪಕ್ಕದ ಜೋಡಿಯೊಂದಿಗೆ ಹೋಲಿಸುತ್ತಾನೆ, ಕಡೆಗೆ ಬೆಲೆ ಮಾತಾಡುತ್ತಾನೆ. ಊರಲ್ಲೇ ಕುಳಿತು ಎತ್ತು ಕೊಂಡರೆ ಈ ಐದರಲ್ಲಿ ಒಂದೂ ಸಾಧ್ಯವಿಲ್ಲ. ಹತ್ತು ಜನ ಮಾರುವವರು ಒಂದೇ ಬಯಲಲ್ಲಿ ನಿಂತಾಗ ಕೊಳ್ಳುವವನ ಕೈ ಮೇಲಾಗುತ್ತದೆ. ಜಾತ್ರೆಯ ಅರ್ಥಶಾಸ್ತ್ರವೆಂದರೆ ಇಷ್ಟೇ, ಮೇಳದ್ದೂ ಅದೇ.

ಇದಕ್ಕೆ ಇತಿಹಾಸದಲ್ಲಿ ಒಂದು ಸೊಗಸಾದ ನಿದರ್ಶನವಿದೆ. 1893ರ ಷಿಕಾಗೋ ಎಂದರೆ ಭಾರತೀಯರಿಗೆ ನೆನಪಾಗುವುದು ಸ್ವಾಮಿ ವಿವೇಕಾನಂದರ ಭಾಷಣ. ಆ ಸರ್ವಧರ್ಮ ಸಮ್ಮೇಳನ ಏರ್ಪಟ್ಟದ್ದು ಅದೇ ವರ್ಷ ಅಲ್ಲಿ ನಡೆದ ಬೃಹತ್ ವಸ್ತುಪ್ರದರ್ಶನದ ಅಂಗವಾಗಿ. ಅದೇ ಪ್ರದರ್ಶನದಲ್ಲಿ ಜೋಸೆಫೀನ್ ಕಾಕ್ರೇನ್ ಎಂಬ ವಿಧವೆ ತಾನು ರೂಪಿಸಿದ ಪಾತ್ರೆ ತೊಳೆಯುವ ಯಂತ್ರವನ್ನು ತಂದಿಟ್ಟಿದ್ದಳು. 1886ರಲ್ಲೇ ಆಕೆಗೆ ಅದರ ಹಕ್ಕುಪತ್ರ ದೊರೆತಿತ್ತು. ಆದರೆ ಮನೆಗಳಲ್ಲಿ ಅದನ್ನು ಕೊಳ್ಳುವವರಿರಲಿಲ್ಲ. ಬೆಲೆ ಹೆಚ್ಚು, ಬಿಸಿನೀರೂ ಹೆಚ್ಚು ಬೇಕು. ಪ್ರದರ್ಶನದ ಉಪಾಹಾರ ಗೃಹಗಳಲ್ಲಿ ಆ ಯಂತ್ರಗಳು ಜನರ ಕಣ್ಣೆದುರೇ ರಾಶಿ ರಾಶಿ ತಟ್ಟೆಗಳನ್ನು ತೊಳೆದವು. ಯಂತ್ರಕ್ಕೆ ಬಹುಮಾನ ಬಂತು. ಹೋಟೆಲುಗಳಿಂದ ಬೇಡಿಕೆ ಬಂತು. ಏಳು ವರ್ಷ ಬಾಯಿಮಾತಿನಲ್ಲಿ ವಿವರಿಸಿದ್ದನ್ನು ಒಂದು ಪ್ರದರ್ಶನ ಕಣ್ಣಿಗೆ ತೋರಿಸಿಕೊಟ್ಟಿತು.

ಕನ್ನಡ ನಾಡಿಗೂ ಪ್ರದರ್ಶನ ಹೊಸದಲ್ಲ. ಮೈಸೂರಿನ ದಸರಾ ವಸ್ತುಪ್ರದರ್ಶನದ ಮೂಲ 1880ರಷ್ಟು ಹಿಂದಿನದು, ಚಾಮರಾಜ ಒಡೆಯರ ಕಾಲದ್ದು. ಆದರೆ ವಸ್ತುಪ್ರದರ್ಶನಕ್ಕೂ ವ್ಯಾಪಾರ ಮೇಳಕ್ಕೂ ವ್ಯತ್ಯಾಸವಿದೆ. ಮೊದಲನೆಯದಕ್ಕೆ ಮನೆಮಂದಿಯೆಲ್ಲ ಹೋಗಿ ನೋಡಿ, ತಿಂದು, ನಲಿದು ಬರುತ್ತಾರೆ. ಎರಡನೆಯದಕ್ಕೆ ಉದ್ಯಮದವರು ಉದ್ಯಮದವರನ್ನೇ ಹುಡುಕಿಕೊಂಡು ಬರುತ್ತಾರೆ. ಭಾರತ ವ್ಯಾಪಾರ ಉತ್ತೇಜನ ಸಂಸ್ಥೆ 1980ರ ದಶಕದಿಂದ ದೆಹಲಿಯ ಪ್ರಗತಿ ಮೈದಾನದಲ್ಲಿ ನಡೆಸುತ್ತ ಬಂದಿರುವ ‘ಆಹಾರ್’ ಮೇಳ ಈ ಎರಡನೆಯ ಬಗೆಯದು. ಒಲೆ, ಶೀತಲ ಪೆಟ್ಟಿಗೆ, ಪಾತ್ರೆ ಪಿಂಗಾಣಿ, ಹಾಸಿಗೆ ಬಟ್ಟೆ, ಮಸಾಲೆ, ಹೀಗೆ ಹೋಟೆಲಿಗೆ ಬೇಕಾದುದೆಲ್ಲ ಅಲ್ಲಿ ಒಂದೇ ಕಡೆ ಸಿಗುತ್ತದೆ.

ದೆಹಲಿ ದೂರವಾಯಿತು ಎನ್ನುವವರಿಗೆ ಬೆಂಗಳೂರಿದೆ. ಕರ್ನಾಟಕದ ಕೃಷಿ ಇಲಾಖೆ 2018ರಲ್ಲಿ ಅರಮನೆ ಮೈದಾನದಲ್ಲಿ ಸಾವಯವ ಮತ್ತು ಸಿರಿಧಾನ್ಯಗಳ ಅಂತರರಾಷ್ಟ್ರೀಯ ವಾಣಿಜ್ಯ ಮೇಳ ನಡೆಸಿತು. ಆಮೇಲೆಯೂ ಅದು ನಡೆದಿದೆ. ಬೆಳೆದವರು, ಸಂಸ್ಕರಿಸುವವರು, ಕೊಳ್ಳುವವರು ಎದುರುಬದುರು ಕುಳಿತು ಮಾತಾಡಲು ಅಲ್ಲಿ ಪ್ರತ್ಯೇಕ ಏರ್ಪಾಡು ಇರುತ್ತದೆ. ಜೋಳವೂ ಈ ಧಾನ್ಯಗಳ ಸಾಲಿಗೆ ಸೇರಿದ್ದು ಎಂಬುದನ್ನು ಕಲಬುರಗಿ ಜಿಲ್ಲೆಯ ಖಾನಾವಳಿಯವರು ಗಮನಿಸಬೇಕು. ಸೇಡಂ, ಚಿಂಚೋಳಿಗಳಲ್ಲಿ ದಿನನಿತ್ಯದ ಊಟವಾದ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹಿಂಡಿ ಪಟ್ಟಣದ ಹೋಟೆಲಿನವರಿಗೆ ಹೊಸ ರುಚಿ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಕಲಬುರಗಿಯ ಮಹಿಳೆಯರ ಸಹಕಾರ ಸಂಘವೊಂದು ದಿನಕ್ಕೆ 3,000ಕ್ಕೂ ಹೆಚ್ಚು ಜೋಳದ ರೊಟ್ಟಿ ತಯಾರಿಸುತ್ತಿರುವುದನ್ನು ಪ್ರಧಾನಿಯವರು 2025ರ ಜೂನ್ ತಿಂಗಳ ಬಾನುಲಿ ಭಾಷಣದಲ್ಲಿ ಹೇಳಿದರು. ರೊಟ್ಟಿಗೆ ಊರಾಚೆ ಗಿರಾಕಿಗಳಿದ್ದಾರೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಆದ್ದರಿಂದ ಮೇಳಕ್ಕೆ ಹೋಗುವ ಖಾನಾವಳಿಯ ಯಜಮಾನ ಕೊಳ್ಳುವವನಷ್ಟೇ ಆಗಿರಬೇಕಿಲ್ಲ, ಮಾರುವವನೂ ಆಗಬಹುದು. ಕಾರ್ಖಾನೆಯ ಗೇಟಿಲ್ಲದಿದ್ದರೂ ಬದುಕುವ ದಾರಿ ತೆರೆಯುವುದು ಅಲ್ಲಿಯೇ.

ಹಾಗೆಂದು ಹೋದವರೆಲ್ಲ ಲಾಭ ಮಾಡಿಕೊಂಡು ಬರುತ್ತಾರೆಂದಲ್ಲ. ಬರಿಗೈಯಲ್ಲಿ ಹೋಗಿ ನೋಡಿ ಬಂದವರ ಚೀಲದಲ್ಲಿ ಇರುವುದು ಬಣ್ಣದ ಕರಪತ್ರಗಳು ಮಾತ್ರ. ಹೋಗುವ ಮುನ್ನವೇ ತನ್ನ ಅಡುಗೆಮನೆಯ ತೊಂದರೆಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳುವುದು ಜಾಣತನ. ರೊಟ್ಟಿ ಯಂತ್ರ ಬೇಕೇ? ಎರಡು ಕಿಲೋ ಹಿಟ್ಟನ್ನು ಊರಿನಿಂದಲೇ ಒಯ್ದು ಅದರಲ್ಲೇ ಮಾಡಿ ತೋರಿಸಿ ಎನ್ನಬೇಕು. ಗೋಧಿ ಹಿಟ್ಟಿನಂತೆ ಜೋಳದ ಹಿಟ್ಟಿಗೆ ಅಂಟುಗುಣವಿಲ್ಲ. ಚಪಾತಿ ಒತ್ತುವ ಯಂತ್ರದಲ್ಲಿ ರೊಟ್ಟಿ ಬಿರಿಯಬಹುದು. ನೀರು ಕಾಯಿಸುವ ಉಪಕರಣ ಬೇಕೇ? ಸುಣ್ಣದ ಕಲ್ಲಿನ ನೆಲದ ಬೋರ್‌ವೆಲ್ ನೀರು ಗಡಸು. ಕೊಳವೆಯಲ್ಲಿ ಬಿಳಿ ಪದರ ಕಟ್ಟುತ್ತದೆ. ಅದಕ್ಕೇನು ಉಪಾಯ ಎಂದು ಕೇಳಬೇಕು. ಕರೆಂಟು ಹೋದರೆ ಯಂತ್ರ ಏನಾಗುತ್ತದೆ, ಬಿಡಿಭಾಗ ಎಲ್ಲಿ ಸಿಗುತ್ತದೆ, ಕೆಟ್ಟರೆ ರಿಪೇರಿಯವನು ಎಷ್ಟು ದಿನದಲ್ಲಿ ಬರುತ್ತಾನೆ, ಸಾಗಣೆ ಮತ್ತು ತೆರಿಗೆ ಸೇರಿ ಊರು ಮುಟ್ಟುವಾಗ ಬೆಲೆ ಎಷ್ಟು, ಇವು ಬಿಡಬಾರದ ಪ್ರಶ್ನೆಗಳು. ಮೇಳದ ಉತ್ಸಾಹದಲ್ಲಿ ಅಲ್ಲೇ ಮುಂಗಡ ಕೊಡದೆ, ದರಪಟ್ಟಿ ಬರೆಸಿಕೊಂಡು ಬಂದು ಮನೆಯಲ್ಲಿ ಲೆಕ್ಕ ಹಾಕುವುದು ಕ್ಷೇಮ.

ಮಾರಲು ಹೋಗುವವರಿಗೆ ಬೇರೆಯೇ ಸಿದ್ಧತೆ. ತೆಳ್ಳಗೆ ಬೇಯಿಸಿ ಒಣಗಿಸಿದ ಖಡಕ್ ರೊಟ್ಟಿಯಂತಹ, ಬಹುದಿನ ಬಾಳುವ ಪದಾರ್ಥ. ಆಹಾರ ಸುರಕ್ಷತಾ ಪರವಾನಗಿ. ಬೆಲೆ ಬರೆದ ಚೀಟಿ. ಎಲ್ಲಕ್ಕಿಂತ ಮುಖ್ಯವಾದುದು ಪ್ರಾಮಾಣಿಕ ಉತ್ತರ. ತಿಂಗಳಿಗೆ ಎಷ್ಟು ಕಳಿಸಬಲ್ಲಿರಿ ಎಂದಾಗ ಐನೂರು ಆಗುವ ಕಡೆ ಐದು ಸಾವಿರ ಎಂದರೆ ಮೊದಲ ಗಿರಾಕಿಯೇ ಕೊನೆಯ ಗಿರಾಕಿಯಾಗುತ್ತಾನೆ.

ಖರ್ಚಿನ ಮಾತು ಸುಳ್ಳಲ್ಲ. ರೈಲು, ಊಟ, ವಸತಿ, ಮಳಿಗೆಯ ಬಾಡಿಗೆ, ಜೊತೆಗೆ ಮೂರು ದಿನ ಅಂಗಡಿ ಮುಚ್ಚಿದ ನಷ್ಟ, ಸಣ್ಣವರಿಗೆ ಇದು ಭಾರವೇ. ಅದಕ್ಕೂ ಹಳ್ಳಿಯಲ್ಲಿ ಹಳೆಯ ಉಪಾಯವಿದೆ. ಊರಿನ ಐದು ಜನ ಹಣ ಕೂಡಿಸಿ ಒಬ್ಬರನ್ನು ಕಳಿಸುವುದು, ಬಂದವರು ಐವರಿಗೂ ವರದಿ ಒಪ್ಪಿಸುವುದು, ಮರು ವರ್ಷ ಮತ್ತೊಬ್ಬರ ಸರದಿ. ಐದು ಅಂಗಡಿಗೆ ಸೇರಿ ಬೇಳೆ, ಎಣ್ಣೆ, ತಟ್ಟೆ ಕೊಂಡರೆ ಬೆಲೆಯೂ ಇಳಿಯುತ್ತದೆ.

ಮೇಳ ಯಾವಾಗಲೂ ದೂರದಲ್ಲೇ ಇರಬೇಕೆಂದೂ ಇಲ್ಲ. 2025ರ ಜನವರಿ ಕೊನೆಯಿಂದ ಫೆಬ್ರುವರಿ ಮೊದಲ ವಾರದವರೆಗೆ ಸೇಡಂ ಬಳಿ ಭಾರತೀಯ ಸಂಸ್ಕೃತಿ ಉತ್ಸವ ನಡೆಯಿತು. ದೂರದೂರಿನ ಜನರೆಲ್ಲ ಸೇಡಮ್ಮಿಗೆ ಬಂದರು. ಒಂದು ತಾಲ್ಲೂಕು ಕೇಂದ್ರ ಅಷ್ಟು ದೊಡ್ಡ ಕೂಟ ಕಟ್ಟಬಲ್ಲದಾದರೆ, ವಾಡಿ, ಶಹಾಬಾದ, ಚಿಂಚೋಳಿ, ಚಿತ್ತಾಪುರಗಳ ಹೋಟೆಲಿನವರಿಗಾಗಿ ಎರಡು ದಿನದ ಸಣ್ಣ ಮೇಳ ಕಟ್ಟುವುದು ಅಸಾಧ್ಯವೇನಲ್ಲ.

ಕುರಕುಂಟಾದ ಕಾರ್ಖಾನೆ ನಿಂತದ್ದು ಯಾವ ಖಾನಾವಳಿಯ ತಪ್ಪಿನಿಂದಲೂ ಅಲ್ಲ. ಅದನ್ನು ನಿಲ್ಲದಂತೆ ಮಾಡುವ ಶಕ್ತಿಯೂ ಯಾವ ಖಾನಾವಳಿಗೂ ಇರಲಿಲ್ಲ. ಆದರೆ ಎರಡನೆಯ ಗಿರಾಕಿಯನ್ನು ಹುಡುಕುವ ಕೆಲಸ ಮಾತ್ರ ಯಜಮಾನನ ಕೈಯಲ್ಲೇ ಇದೆ. ಮೊದಲನೆಯವನು ಇನ್ನೂ ಪಂಕ್ತಿಯಲ್ಲಿ ಕುಳಿತಿರುವಾಗಲೇ ಆ ಹುಡುಕಾಟ ಶುರುವಾಗಬೇಕು.