ಬಚ್ಚಲ ನೀರಿನ ಕೈತೋಟ

ಸಿಂದಗಿ ತಾಲ್ಲೂಕಿನ ಕನ್ನೊಳ್ಳಿಯಂತಹ ಎರೆನೆಲದ ಊರಿನಲ್ಲಿ ಜೋಳ ಕೈಗೂಡಿದರೆ ರೊಟ್ಟಿಗೆ ಕೊರತೆಯಿಲ್ಲ. ಬಡವರ ಮನೆಯಲ್ಲಿ ಬೇಸಗೆಯಲ್ಲಿ ಕೊರತೆಯಾಗುವುದು ಪಲ್ಯಕ್ಕೆ. ಕೈತೋಟ ಮಾಡಿರೆಂದು ಪಟ್ಟಣಿಗರಾದ ನಾವು ಸುಲಭವಾಗಿ ಹೇಳಿಬಿಡುತ್ತೇವೆ, ನೀರೆಲ್ಲಿಯದು? 1876–78ರ ಘೋರ ಕ್ಷಾಮವನ್ನು ಕಂಡ ಸೀಮೆಯದು. ಕೊಡ ಹೊರುವವರು ಅಲ್ಲಿ ಹೆಂಗಸರು. ಅವರ ತಲೆಗೆ ಇನ್ನೊಂದು ಕೊಡವನ್ನೇರಿಸುವ ತೋಟವನ್ನು ನಾವು ಒಪ್ಪಲಾರೆವು.

ಬಚ್ಚಲಿನಿಂದ ಹರಿದು ಬೀದಿಯ ಕೆಸರಾಗುವ ನೀರಿನಿಂದಲೇ ತೊಡಗಬೇಕು. ಮೋರಿಯ ಬಾಯಲ್ಲಿ ಮರಳುಜಲ್ಲಿಗಳ ಗುಂಡಿ, ಅದರಾಚೆ ಒಂದು ನುಗ್ಗೆಯ ಗಿಡ. ಬೇರೂರಿದ ನುಗ್ಗೆ ಬಿಸಿಲನ್ನು ತಾಳಬಲ್ಲುದು. ಅದರ ಸೊಪ್ಪಿನಲ್ಲಿ ಕಬ್ಬಿಣ, ಸುಣ್ಣದ ಅಂಶಗಳೂ ‘ಎ’ ಜೀವಸತ್ವವೂ ಸಮೃದ್ಧವಾಗಿವೆ. ಮಳೆಗಾಲಕ್ಕೆ ಪುಂಡಿಸೊಪ್ಪು, ಬೇಲಿಗೆ ಹೀರೆಯ ಬಳ್ಳಿ. ಸಾಬೂನು ಬೆರೆತ ನೀರು ಎಲೆಗೆ ಸೋಕದೆ ಬುಡಕ್ಕಷ್ಟೇ ಹರಿಯಲಿ. ಹಿತ್ತಲಿಲ್ಲದ ಮನೆಗಳಿಗೆ ಊರೊಟ್ಟಿನ ಜಾಗದಲ್ಲಿ ಪಾಲು ಕೊಡಿಸಬೇಕು.