ಪ್ಲಾಟು ಕಾಯುತ್ತೆ, ಮಗುವಿನ ಕಿವಿ ಕಾಯಲ್ಲ

ಇವತ್ತು ರಾಜಕೀಯ ಬೇಡ. ದಿನಾ ಇದ್ದಿದ್ದೇ ಅದು, ನಾಳೆನೂ ಇರುತ್ತೆ. ಇವತ್ತು ಒಂದು ಮನೆಯ ವಿಷಯ ಮಾತಾಡೋಣ. ಒಂದು ಕುಟುಂಬ ಎಲ್ಲಿ ಮನೆ ಮಾಡಬೇಕು ಅನ್ನೋ ಪ್ರಶ್ನೆ. ಇದೇನು ಟಿವಿಯಲ್ಲಿ ಕೂತು ಮಾತಾಡೋ ವಿಷಯನಾ ಅಂತ ನಮ್ಮ ಡೆಸ್ಕ್‌ನಲ್ಲೇ ಒಬ್ಬರು ಕೇಳಿದರು. ಪೂರ್ತಿ ಕೇಳಿ, ಆಮೇಲೆ ನೀವೇ ಹೇಳಿ.

ಹೋದ ವಾರ ಬೀದರ್ ಜಿಲ್ಲೆಯ ಚಿಟಗುಪ್ಪದಿಂದ ಒಬ್ಬ ವೀಕ್ಷಕರು ಫೋನ್ ಮಾಡಿದ್ದರು. ಹೆಸರು ಹೇಳಲ್ಲ, ಅವರೇ ಬೇಡ ಅಂದಿದ್ದಾರೆ. ಊರಲ್ಲಿ ಬೀಜ-ಗೊಬ್ಬರದ ಅಂಗಡಿ. ಮನೆಯಲ್ಲಿ ತಾಯಿ, ಹೆಂಡತಿ, ಇಬ್ಬರು ಮಕ್ಕಳು. ಮಗಳು ಕನ್ನಡ ಮಾಧ್ಯಮದಲ್ಲಿ ಎಂಟನೇ ಕ್ಲಾಸು, ಓದಿನಲ್ಲಿ ಚುರುಕು, ಡಾಕ್ಟರ್ ಆಗ್ತೀನಿ ಅಂತಾಳೆ. ಮಗನಿಗೆ ಮೂರೂವರೆ ವರ್ಷ. ಹುಟ್ಟಿನಿಂದ ಕಿವಿ ಕೇಳಲ್ಲ. ಎಂಟು ತಿಂಗಳ ಹಿಂದೆ ಹೈದರಾಬಾದ್‌ನಲ್ಲಿ ಕಾಕ್ಲಿಯರ್ ಇಂಪ್ಲಾಂಟ್ ಆಪರೇಷನ್ ಆಗಿದೆ. "ಈಗ ಹೊಳ್ಳಿ ನೋಡ್ತಾನ್ರಿ ಸರ್, ಮಾತು ಇನ್ನಾ ಬಂದಿಲ್ಲ" ಅಂದರು.

ಪ್ರಶ್ನೆ ಏನಪ್ಪಾ ಅಂದ್ರೆ, ಅವರ ಹತ್ತಿರ ಜಮೀನು ಮಾರಿದ ಒಂದಿಷ್ಟು ದುಡ್ಡಿದೆ. ಪಟಾನ್‌ಚೆರುವಿನ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವ ಬಾಮೈದ "ಇಲ್ಲೇ ಬಂದುಬಿಡ್ರಿ ಭಾವ, ಅಮೀನ್‌ಪುರದ ಕಡೆ ಹೊಸ ಅಪಾರ್ಟ್‌ಮೆಂಟ್ ಎದ್ದಾವ" ಅಂತಿದ್ದಾನೆ. ಇನ್ನೊಬ್ಬ ನೆಂಟ ಜಹೀರಾಬಾದ್ ಹತ್ತಿರ ಹೈವೇ ಪಕ್ಕದ ಪ್ಲಾಟಿನ ಬ್ರೋಷರ್ ತಂದುಕೊಟ್ಟಿದ್ದಾನೆ. ಬೀದರ್‌ನಲ್ಲಿ ಒಂದು ಲೇಔಟ್ ನೋಡಿ ಬಂದಿದ್ದಾರೆ. ಕಲಬುರಗಿಯಲ್ಲಿ ಹೆಂಡತಿಯ ತವರು. "ಎಲ್ಲಿ ಮನಿ ಮಾಡ್ಬೇಕ್ರಿ? ಒಬ್ಬೊಬ್ಬರು ಒಂದೊಂದು ಹೇಳ್ತಾರ."

ನಕ್ಷೆ ಸ್ವಲ್ಪ ಕಣ್ಣ ಮುಂದೆ ತಂದುಕೊಳ್ಳಿ. ಚಿಟಗುಪ್ಪ ಈಗ ತಾಲ್ಲೂಕು ಕೇಂದ್ರ, ಮೊದಲು ಹುಮನಾಬಾದ್ ತಾಲ್ಲೂಕಿನಲ್ಲಿತ್ತು. ಮುಂಬೈ-ಹೈದರಾಬಾದ್ ಹೆದ್ದಾರಿ ಅಂತ ಜನ ಕರೆಯುವ ರಾಷ್ಟ್ರೀಯ ಹೆದ್ದಾರಿ 65 ಊರಿನಿಂದ ದೂರವಿಲ್ಲ. ಹುಮನಾಬಾದ್, ಮನ್ನಾಎಖೇಳಿ, ಜಹೀರಾಬಾದ್, ಸಂಗಾರೆಡ್ಡಿ, ಪಟಾನ್‌ಚೆರು. ಬಸ್ ಹತ್ತಿ ಕೂತರೆ ಇದೇ ದಾರಿ. ಬೆಂಗಳೂರಿಗೆ ಒಂದು ರಾತ್ರಿಯ ಪ್ರಯಾಣ, ಹೈದರಾಬಾದ್‌ಗೆ ಬೆಳಿಗ್ಗೆ ಹೋಗಿ ಸಂಜೆ ವಾಪಸ್. ಇದು ಇವತ್ತಿನ ನಂಟೂ ಅಲ್ಲ. 1956ರ ನವೆಂಬರ್ 1ರವರೆಗೆ ಬೀದರ್ ಇದ್ದದ್ದೇ ಹೈದರಾಬಾದ್ ರಾಜ್ಯದಲ್ಲಿ. ಜಹೀರಾಬಾದ್, ನಾರಾಯಣಖೇಡ್ ಆಗ ಬೀದರ್ ಜಿಲ್ಲೆಯವೇ. ಗಡಿ ಎಳೆದ ಮೇಲೆ ಅವು ಆ ಕಡೆ ಹೋದವು, ಉದಗೀರ್ ಮಹಾರಾಷ್ಟ್ರದ ಪಾಲಾಯಿತು. ಹಾಗಾಗಿ ಚಿಟಗುಪ್ಪದವರಿಗೆ ಹೈದರಾಬಾದ್ ಅಂದರೆ ಪರರಾಜ್ಯ ಅನ್ನಿಸಲ್ಲ, ಪೇಟೆ ಅನ್ನಿಸುತ್ತೆ. ಬೆಂಗಳೂರಲ್ಲಿ ಕೂತ ನಮಗೆ ಇದು ಬೇಗ ಅರ್ಥ ಆಗಲ್ಲ.

ಆದರೆ ಪೇಟೆಗೆ ಹೋಗಿ ಬರೋದು ಬೇರೆ, ಹೋಗಿ ನೆಲೆಸೋದು ಬೇರೆ.

ನಾನು ಎಂಜಿನಿಯರಿಂಗ್ ಓದಿದವನು. ಓದಿದ್ದರಲ್ಲಿ ಮುಕ್ಕಾಲು ಮರೆತಿದೆ. ನೆನಪಿರೋ ಕಾಲು ಭಾಗದಲ್ಲಿ ಒಂದು ವಿಷಯ ಇಲ್ಲಿ ಕೆಲಸಕ್ಕೆ ಬಂತು: ಕ್ರಿಟಿಕಲ್ ಪಾತ್. ಒಂದು ಸೇತುವೆ ಕಟ್ಟಬೇಕು ಅಂದುಕೊಳ್ಳಿ, ನೂರು ಕೆಲಸ ಇರುತ್ತೆ. ಕೆಲವು ಕೆಲಸ ಹದಿನೈದು ದಿನ ತಡವಾದರೂ ಏನೂ ಆಗಲ್ಲ, ಬಣ್ಣ ಬಳಿಯೋದು ಇದ್ದ ಹಾಗೆ. ಅದಕ್ಕೆ 'ಫ್ಲೋಟ್' ಇದೆ ಅಂತೀವಿ. ಕೆಲವು ಕೆಲಸ ಒಂದು ದಿನ ತಡವಾದರೂ ಇಡೀ ಸೇತುವೆ ಒಂದು ದಿನ ತಡ. ಮೇಷ್ಟ್ರು ಹೇಳ್ತಿದ್ರು, ಮೊದಲು ಫ್ಲೋಟ್ ಇಲ್ಲದ ಕೆಲಸ ಯಾವುದು ಅಂತ ಹುಡುಕು, ಉಳಿದದ್ದನ್ನ ಅದರ ಸುತ್ತ ಜೋಡಿಸು.

ಆ ಚಿಟಗುಪ್ಪದ ಮನೆಗೆ ಇದನ್ನ ಹಚ್ಚಿ ನೋಡಿ. ಪ್ಲಾಟಿಗೆ ಫ್ಲೋಟ್ ಇದೆ. ಇವತ್ತಲ್ಲದಿದ್ದರೆ ಮೂರು ವರ್ಷ ಬಿಟ್ಟು ತಗೋಬಹುದು, ರೇಟು ಜಾಸ್ತಿಯಾದರೆ ಸ್ವಲ್ಪ ಚಿಕ್ಕದು ತಗೋಬಹುದು. ಮಗಳ ಓದಿಗೆ ಸ್ವಲ್ಪ ಫ್ಲೋಟ್ ಇದೆ. ಆ ಹುಡುಗನಿಗೆ? ಒಂದು ದಿನದ್ದೂ ಇಲ್ಲ.

ಯಾಕೆ ಅಂತ ಹೇಳ್ತೀನಿ. ಕಾಕ್ಲಿಯರ್ ಇಂಪ್ಲಾಂಟ್ ಅಂದರೆ ಕನ್ನಡಕ ಹಾಕಿದ ಹಾಗೆ ಅಲ್ಲ. ಕಿವಿಯ ಹಿಂದಿನ ಯಂತ್ರ ಸದ್ದನ್ನ ವಿದ್ಯುತ್ ಸಂಕೇತ ಮಾಡಿ ನೇರ ಶ್ರವಣ ನರಕ್ಕೆ ಕಳಿಸುತ್ತೆ. ಆ ಸಂಕೇತವೇ 'ಅಮ್ಮ', ಆ ಸಂಕೇತವೇ 'ಬಾ' ಅಂತ ಮೆದುಳು ಕಲಿಯಬೇಕು. ಮಾತು ಕಲಿಯುವ ಶಕ್ತಿ ಮೆದುಳಿಗೆ ಮೊದಲ ಕೆಲವು ವರ್ಷ ಜೋರಾಗಿರುತ್ತೆ, ಬರ್ತಾ ಬರ್ತಾ ಕಡಿಮೆಯಾಗುತ್ತೆ. ಕೇಂದ್ರದ ಅಡಿಪ್ ಯೋಜನೆಯಲ್ಲಿ ಹುಟ್ಟಿನಿಂದ ಕಿವಿ ಕೇಳದ ಮಕ್ಕಳಿಗೆ ಐದು ವರ್ಷದೊಳಗೆ ಇಂಪ್ಲಾಂಟ್ ಅಂತ ಮಿತಿ ಇಟ್ಟಿರೋದು ಸುಮ್ಮನೆ ಅಲ್ಲ. ಆಪರೇಷನ್ ಆದ ಮೇಲೆ ವಾರ ವಾರ ಸ್ಪೀಚ್ ಥೆರಪಿ, ಮನೆಯಲ್ಲಿ ದಿನವಿಡೀ ಮಾತು. ಆಪರೇಷನ್ ಮಾಡಿಸಿ ಥೆರಪಿ ಬಿಟ್ಟರೆ ಆ ಯಂತ್ರ ಕಿವಿಯ ಹಿಂದಿನ ಆಭರಣ ಅಷ್ಟೇ.

ಹಾಗಾದರೆ ಹೈದರಾಬಾದೇ ಸರಿ ಅಲ್ವಾ? ದೊಡ್ಡ ಊರು, ದೊಡ್ಡ ಸಂಸ್ಥೆಗಳು. ಸಿಕಂದರಾಬಾದ್‌ನ ಮನೋವಿಕಾಸ ನಗರದಲ್ಲಿ ಅಲಿ ಯಾವರ್ ಜಂಗ್ ವಾಕ್-ಶ್ರವಣ ಸಂಸ್ಥೆಯ ಪ್ರಾದೇಶಿಕ ಕೇಂದ್ರವೇ ಇದೆ. ನಾನೂ ಮೊದಲು ಹಾಗೇ ಅಂದುಕೊಂಡೆ. ಆಮೇಲೆ ಎರಡು ತೊಡಕು ಕಂಡವು.

ಒಂದು, ನಾವು 'ಹೈದರಾಬಾದ್' ಅಂತೀವಿ, ಅದು ಒಂದು ಊರಲ್ಲ. ಅದರ ಹೊರವರ್ತುಲ ರಸ್ತೆಯೇ 158 ಕಿಲೋಮೀಟರ್. ಬಾಮೈದ ತೋರಿಸಿದ ಅಮೀನ್‌ಪುರ ನಗರದ ಪಶ್ಚಿಮಕ್ಕೆ, ಮನೋವಿಕಾಸ ನಗರ ಉತ್ತರಕ್ಕೆ. ಮೂರೂವರೆ ವರ್ಷದ ಕೂಸನ್ನ ಕಟ್ಟಿಕೊಂಡು ಆ ತಾಯಿ ಬಸ್ಸು, ಆಟೋ, ಮತ್ತೆ ಬಸ್ಸು ಹಿಡಿದು ಹೋಗಿ ಬರಬೇಕು. ಹೋಗುವಷ್ಟರಲ್ಲಿ ಮಗು ನಿದ್ದೆಗೆ ಜಾರಿರುತ್ತೆ. ಮೊದಲ ತಿಂಗಳು ವಾರಕ್ಕೆ ಎರಡು ಸಲ ಹೋಗ್ತಾರೆ, ಮೂರನೇ ತಿಂಗಳು ಒಂದು ಸಲ, ಆರನೇ ತಿಂಗಳು 'ಮುಂದಿನ ವಾರ ನೋಡೋಣ'. ಯಾರ ತಪ್ಪೂ ಅಲ್ಲ. ದಾರಿ ಹಾಗೆ ಮಾಡಿಸುತ್ತೆ.

ಎರಡನೆಯದು ಭಾಷೆ. ನಾನು ಕೇಳಿದೆ, ಮನೆಯಲ್ಲಿ ಏನು ಮಾತಾಡ್ತೀರಿ? "ಕನ್ನಡಾನೇರಿ. ಅಂಗಡ್ಯಾಗ ಉರ್ದು, ಮರಾಠಿ, ತೆಲುಗು ಎಲ್ಲಾ ನಡೀತದ." ಇದು ಬೀದರ್‌ನ ಸೊಗಸು. ಕಿವಿ ಚೆನ್ನಾಗಿರೋ ಮಗು ಐದು ವರ್ಷಕ್ಕೆ ನಾಲ್ಕು ಭಾಷೆ ಎತ್ತಿಕೊಳ್ಳುತ್ತೆ. ಈ ಹುಡುಗನೂ ಮುಂದೆ ಎರಡು ಮೂರು ಭಾಷೆ ಕಲೀಬಹುದು, ಅದೇನು ತಪ್ಪಲ್ಲ. ಆದರೆ ಮೊದಲು ಒಂದು ಗಟ್ಟಿಯಾಗಬೇಕು, ಅದು ಅಮ್ಮ ನಿರಾಯಾಸವಾಗಿ ಮಾತಾಡೋ ಭಾಷೆ ಆಗಿರಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಶಿಶುವಿಹಾರದಲ್ಲಿ ಮಗುವಿನ ಜೊತೆ ತಾಯಂದಿರನ್ನೂ ಕೂರಿಸಿ ಕಲಿಸ್ತಾರೆ, ಯಾಕಂದರೆ ಮಗುವಿನ ನಿಜವಾದ ಥೆರಪಿಸ್ಟ್ ಅವಳೇ. ಈಗ ಅಮೀನ್‌ಪುರದ ಅಪಾರ್ಟ್‌ಮೆಂಟ್ ನೆನೆಸಿಕೊಳ್ಳಿ. ಥೆರಪಿ ತೆಲುಗಲ್ಲಿ, ನರ್ಸರಿ ಇಂಗ್ಲಿಷಲ್ಲಿ, ಮನೆ ಕನ್ನಡದಲ್ಲಿ. ಮುಂದೆ ಶಾಲೆಯಲ್ಲಿ ತೆಲುಗು ಕಡ್ಡಾಯ, ತೆಲಂಗಾಣ 2018ರಲ್ಲೇ ಅದಕ್ಕೆ ಕಾನೂನು ಮಾಡಿದೆ. ಅವರ ರಾಜ್ಯ, ಅವರ ಭಾಷೆ, ನಾವೂ ಇಲ್ಲಿ ಕನ್ನಡಕ್ಕೆ ಹಾಗೇ ಮಾಡಿದ್ದೀವಿ. ಆದರೆ ಈ ಮಗುವಿಗೆ ಅದು ಹೊರೆ.

ಇನ್ನು ಅಕ್ಕ. ಮನೆಯವರೆಲ್ಲ ತಮ್ಮನ ಕಡೆ ನೋಡುವಾಗ ಇಂಥ ಮನೆಗಳಲ್ಲಿ ಅಕ್ಕ ಮೂಲೆಗೆ ಸರಿದುಬಿಡ್ತಾಳೆ. ಅವಳು ಡಾಕ್ಟರ್ ಆಗಬೇಕು ಅಂತಾಳೆ, ಸರಿ. ಲೆಕ್ಕ ಹಾಕೋಣ. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ 371(ಜೆ) ಪ್ರಕಾರ ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಶೇ. 70, ರಾಜ್ಯದ ಉಳಿದ ಕಾಲೇಜುಗಳಲ್ಲಿ ಶೇ. 8 ಸೀಟು ಈ ಭಾಗದವರಿಗೆ. ಅವಳು ಹುಟ್ಟಿದ್ದು ಚಿಟಗುಪ್ಪದಲ್ಲಿ, ಆ ಅರ್ಹತೆ ಹುಟ್ಟಿನಿಂದಲೇ ಬರುತ್ತೆ. ಆದರೆ ರಾಜ್ಯದ ಕೋಟಾದಲ್ಲಿ ಸೀಟು ಕೇಳೋಕೆ ಸಾಮಾನ್ಯ ದಾರಿ ಯಾವುದು? ಕರ್ನಾಟಕದಲ್ಲಿ ಕನಿಷ್ಠ ಏಳು ವರ್ಷ ಓದಿರಬೇಕು, ಜೊತೆಗೆ ಹತ್ತನೆಯದೋ ಪಿಯುಸಿಯೋ ಇಲ್ಲೇ ಪಾಸಾಗಿರಬೇಕು. ಏಳು ವರ್ಷ ಆಗಿದೆ. ಎಂಟನೆಯ ಕ್ಲಾಸಿಗೆ ಬಿಡಿಸಿ ಆ ಕಡೆ ಕರಕೊಂಡು ಹೋದರೆ ಎರಡನೇ ಷರತ್ತು ಕೈತಪ್ಪುತ್ತೆ. ಇನ್ನೊಂದಿದೆ. ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲಾತಿ. ಏಳು ಕ್ಲಾಸು ಕನ್ನಡದಲ್ಲಿ ಓದಿ ಎಂಟರಲ್ಲಿ ಬಿಟ್ಟರೆ ಆ ಏಳಕ್ಕೂ ಬೆಲೆ ಇಲ್ಲ. ಇದನ್ನ ಹೇಳಿದಾಗ ಆ ಕಡೆ ಫೋನಿನಲ್ಲಿ ಸ್ವಲ್ಪ ಹೊತ್ತು ಮಾತೇ ಇರಲಿಲ್ಲ. "ಇದು ನಮಗ ಯಾರೂ ಹೇಳಿಲ್ಲಲ್ರಿ" ಅಂದರು. ಅಪಾರ್ಟ್‌ಮೆಂಟ್ ಮಾರೋನು ಸ್ವಿಮ್ಮಿಂಗ್ ಪೂಲ್ ಬಗ್ಗೆ ಹೇಳ್ತಾನೆ, ಇದನ್ನ ಯಾಕೆ ಹೇಳ್ತಾನೆ?

ಎರಡೂ ದಾರ ಒಂದೇ ಕಡೆ ಎಳೀತಿವೆ ನೋಡಿ. ಕನ್ನಡ ಬೇಕು, ಕರ್ನಾಟಕದಲ್ಲಿರಬೇಕು, ಥೆರಪಿ ನಡೆದುಹೋಗುವಷ್ಟು ಹತ್ತಿರ ಇರಬೇಕು. ಅವರ ಲೆಕ್ಕಕ್ಕೆ ಹೊಂದೋದು ಕಲಬುರಗಿ. ಮೆಡಿಕಲ್ ಕಾಲೇಜುಗಳಿವೆ, ಕನ್ನಡ ಮಾಧ್ಯಮದ ಹೈಸ್ಕೂಲುಗಳಿವೆ, ತವರು ಇದೆ. 2017ರ ಅಕ್ಟೋಬರ್‌ನಲ್ಲಿ ಬೀದರ್-ಕಲಬುರಗಿ ರೈಲು ಮಾರ್ಗ ಉದ್ಘಾಟನೆಯಾಗಿದೆ, ಹುಮನಾಬಾದ್‌ನಲ್ಲಿ ಹತ್ತಬಹುದು. ರೈಲಿನ ವೇಳೆ ಅಂಗಡಿ ವೇಳೆಗೆ ಹೊಂದದಿದ್ದರೆ ಬಸ್ಸಂತೂ ಇದ್ದೇ ಇದೆ. ಆಪರೇಷನ್ ಮಾಡಿದ ಆಸ್ಪತ್ರೆಗೆ ಯಂತ್ರದ ಮ್ಯಾಪಿಂಗ್ ಮಾಡಿಸೋಕೆ ಆಗಾಗ ಹೈದರಾಬಾದ್‌ಗೆ ಹೋಗಿಬರಬೇಕು, ಅದು ತಪ್ಪಲ್ಲ. ಬೀದರ್ ಯಾಕೆ ಬೇಡ ಅಂದ್ರಾ? ಬೇಡ ಅಂತಲ್ಲ. ಬೀದರ್‌ನಲ್ಲಿ ಕನ್ನಡದಲ್ಲಿ ಕಲಿಸೋ ಥೆರಪಿಸ್ಟ್ ವಾರಕ್ಕೆ ಎರಡು ದಿನ ಸಿಗೋದಾದರೆ ಬೀದರ್ರೇ ಸರಿ. ನನ್ನ ಮಾತು ಇಷ್ಟೇ: ಮೊದಲು ಥೆರಪಿಸ್ಟ್ ಗೊತ್ತು ಮಾಡಿ, ಎದುರು ಕೂತು ಮಾತಾಡಿ, ವಾರ ಮತ್ತು ಹೊತ್ತು ಕೇಳಿ ಬರೆದುಕೊಳ್ಳಿ. ಆಮೇಲೆ ಅವರ ಬಾಗಿಲಿಂದ ಸುತ್ತಳತೆ ಹಾಕಿ ಮನೆ ಹುಡುಕಿ. ನಾವು ಉಲ್ಟಾ ಮಾಡ್ತೀವಿ. ಮನೆ ತಗೊಂಡು ಆಮೇಲೆ ಶಾಲೆ, ಆಸ್ಪತ್ರೆ ಎಲ್ಲಿದೆ ಅಂತ ನೋಡ್ತೀವಿ.

ಮನೆ ಬಾಡಿಗೆಗೆ, ಕೊಳ್ಳೋದು ಬೇಡ. ಥೆರಪಿಸ್ಟ್ ಬಿಟ್ಟು ಹೋಗಬಹುದು, ಎರಡು ವರ್ಷದಲ್ಲಿ ಹುಡುಗ ಮಾಮೂಲಿ ಶಾಲೆಗೆ ಸೇರಬಹುದು, ಆಗ ಬೇರೆ ಕಡೆ ಹೋಗಬೇಕಾಗಬಹುದು. ಬಾಡಿಗೆ ಮನೆಗೆ ಫ್ಲೋಟ್ ಇದೆ, ಸಾಲದ ಕಂತಿಗೆ ಇಲ್ಲ.

ಮತ್ತೆ ಎಂಥ ಮನೆ? ಇಲ್ಲಿ ನನ್ನೊಳಗಿನ ಎಂಜಿನಿಯರ್ ಎದ್ದು ಕೂತ, ಕ್ಷಮಿಸಿ. ಇಂಪ್ಲಾಂಟ್ ಹಾಕಿದ ಮಗುವಿಗೆ ದೊಡ್ಡ ಶತ್ರು ಗದ್ದಲ. ನಮ್ಮ ಕಿವಿ ಸಂತೆಯಲ್ಲೂ ಪರಿಚಿತ ದನಿ ಹೆಕ್ಕಿಕೊಳ್ಳುತ್ತೆ, ಆ ಯಂತ್ರಕ್ಕೆ ಅದು ಕಷ್ಟ. ರಿಂಗ್ ರಸ್ತೆಗೆ ಮುಖ ಮಾಡಿರೋ ಮನೆ ಬಾಡಿಗೆ ಕಡಿಮೆ ಇದ್ದರೂ ಬೇಡ, ಒಳಗಿನ ಓಣಿ ನೋಡಿ. ಕಲಬುರಗಿ ಮನೆಗಳಲ್ಲಿ ನೆಲಕ್ಕೆ ಶಹಾಬಾದ್ ಪರಸಿ ಇರುತ್ತೆ, ತಂಪು, ಆದರೆ ಖಾಲಿ ಕೋಣೆಯಲ್ಲಿ ದನಿ ಪ್ರತಿಧ್ವನಿಸುತ್ತೆ. ಮಗು ಆಡೋ ಕೋಣೆಗೆ ಜಮಖಾನ ಹಾಸಿ, ಕಿಟಕಿಗೆ ದಪ್ಪ ಪರದೆ ಹಾಕಿ. ಇನ್ನು ಕೂಲರ್! ಏಪ್ರಿಲ್ ಬಂತು ಅಂದರೆ ಕಲಬುರಗಿಯಲ್ಲಿ ಕೂಲರ್ ಇಲ್ಲದೆ ಬದುಕೋಕಾಗಲ್ಲ, ಅದರ ಗರ್ ಅನ್ನೋ ಸದ್ದಿನ ಮುಂದೆ ಅಮ್ಮನ ಮಾತು ಆ ಹುಡುಗನಿಗೆ ಮುಟ್ಟಲ್ಲ. ಹಾಗಾಗಿ ಕೆಳಗಿನ ಮಹಡಿ, ಬಿಸಿಲು ನೇರ ಬೀಳದ ಕೋಣೆ. ಬೆಳಗಿನ ತಂಪಿನಲ್ಲಿ ಕೂಲರ್ ಆರಿಸಿ, ಟಿವಿ ಆರಿಸಿ ಒಂದು ತಾಸು ಮಾತು. ಹೌದು, ಟಿವಿ ಆರಿಸಿ. ನಮ್ಮ ಚಾನೆಲ್ ಕೂಡ.

ಆ ಜಹೀರಾಬಾದ್ ಪ್ಲಾಟ್ ಬಗ್ಗೆ ಕೇಳಿದರು. ತಗೊಳ್ಳೋದಾದರೆ ಎಲ್ಲೇ ಆಗಲಿ, ಎನ್‌ಎ ಆಗಿದೆಯಾ, ಲೇಔಟ್‌ಗೆ ಮಂಜೂರಾತಿ ಇದೆಯಾ, ರೇರಾ ನೋಂದಣಿ ಸಂಖ್ಯೆ ಏನು ಅಂತ ಕೇಳಿ, ಬ್ರೋಷರ್ ಮೇಲಿರೋ ಸಂಖ್ಯೆಯನ್ನ ರೇರಾ ವೆಬ್‌ಸೈಟಲ್ಲಿ ಹಾಕಿ ನೋಡಿ. ಆದರೆ ಅದು ಹೂಡಿಕೆ, ವಾಸ ಅಲ್ಲ. ಎರಡನ್ನೂ ಒಂದೇ ಚೀಲಕ್ಕೆ ಹಾಕಬೇಡಿ ಅಂದೆ.

ಒಂದು ಮಾತು ಮಾತ್ರ ನನ್ನನ್ನ ಇಕ್ಕಟ್ಟಿಗೆ ಸಿಕ್ಕಿಸಿತು. "ನಮ್ಮವ್ವ ಬರಲ್ಲ ಅಂತಾಳ್ರಿ. ಎಪ್ಪತ್ತು ವರ್ಷ ಇದೇ ಊರಾಗ ಇದ್ದಾಳ." ಅವರಿಗೆ ಬಾಗಿಲು, ಕಟ್ಟೆ, ಅಕ್ಕಪಕ್ಕ ಎಲ್ಲ ಇಲ್ಲೇ. ನಾನು ಕೇಳಿದೆ, ಮಗುವಿನ ಜೊತೆ ಮನೆಯಲ್ಲಿ ಅತಿ ಹೆಚ್ಚು ಮಾತಾಡೋದು ಯಾರು? "ಅವ್ವಾನೇರಿ. ಕೇಳಲ್ಲ ಅಂತ ಗೊತ್ತಿದ್ದಾಗೂ ಕಥಿ ಹೇಳ್ತಿದ್ದಳು." ಹಾಗಾದರೆ ಸ್ವಾಮಿ, ಬೇರೆ ಯಾರನ್ನ ಬಿಟ್ಟರೂ ಅವರನ್ನ ಮಾತ್ರ ಬಿಟ್ಟು ಹೋಗಬೇಡಿ ಅಂದೆ. ಹೋಗಿ ಅವರಿಗೆ ಹೀಗೇ ಹೇಳಿ: ನಿನ್ನ ನೋಡಿಕೊಳ್ಳೋಕೆ ಕರೀತಿಲ್ಲ, ಅವನಿಗೆ ನಿನ್ನ ಬಾಯಿ ಬೇಕು.

ಎರಡು ದಿನ ಬಿಟ್ಟು ಮತ್ತೆ ಫೋನ್ ಬಂತು. ಅಜ್ಜಿ ಒಪ್ಪಿದ್ದಾರೆ. ಮಗಳ ಪರೀಕ್ಷೆ ಮುಗಿದ ಮೇಲೆ ಬೇಸಿಗೆಯಲ್ಲಿ ಹೊರಡೋದು, ಅಷ್ಟರೊಳಗೆ ಥೆರಪಿಸ್ಟ್ ಹುಡುಕೋದು. ಚಿಟಗುಪ್ಪದ ಮನೆ ಮಾರಲ್ಲ. ಅಜ್ಜಿಯದು ಒಂದೇ ಷರತ್ತು: ಜನವರಿಯಲ್ಲಿ ಹುಮನಾಬಾದ್ ವೀರಭದ್ರೇಶ್ವರ ಜಾತ್ರೆಗೆ ಮೊಮ್ಮಗನನ್ನ ಕರಕೊಂಡು ಬರಲೇಬೇಕು, ವಾದ್ಯ ಕೇಳಿಸಬೇಕು. ಕೇಳಿಸಿ, ಆದರೆ ಅಷ್ಟು ದೊಡ್ಡ ಸದ್ದಿನಲ್ಲಿ ಯಂತ್ರ ಹೇಗೆ ಇಟ್ಟಿರಬೇಕು ಅಂತ ಮೊದಲೇ ಥೆರಪಿಸ್ಟ್ ಹತ್ತಿರ ಕೇಳಿಕೊಳ್ಳಿ ಅಂದೆ. "ತಡೀರಿ ಸರ್, ಬರ್ಕೋತೀನಿ" ಅಂತ ಪೆನ್ನು ಹುಡುಕೋಕೆ ಹೋದರು.