ಮಾತ್ರೆಯ ಜೊತೆಗೊಂದು ಮಾತು

(ಶತಮಾನೋತ್ಸವದ ಯುವಜನ ಸಮಾವೇಶದಲ್ಲಿ ನಮ್ಮ ಧರ್ಮಕೇಂದ್ರದ ಸಮಾಜಕಾರ್ಯ ವಿದ್ಯಾರ್ಥಿನಿಯೊಬ್ಬರು ಮಾಡಿದ ಭಾಷಣ)



ಎಚ್.ಐ.ವಿ. ಸೋಂಕಿನೊಡನೆ ಬಾಳುತ್ತಿರುವ ತರುಣ ತರುಣಿಯರ ಮಾನಸಿಕ ಆರೋಗ್ಯವು ನನ್ನ ಅಧ್ಯಯನದ ವಿಷಯ. ಹಬ್ಬದ ದಿನ ರೋಗದ ಮಾತೇಕೆ ಎಂದು ಕೆಲವರಿಗೆ ಅನಿಸಬಹುದು. ಈ ರೋಗದ ಬಗ್ಗೆ ನಾವು ಬಾಯಿ ಬಿಡದೆ ಇದ್ದುದರಿಂದಲೇ ಹಾನಿ ಹೆಚ್ಚಿತೆಂಬುದು ನನ್ನ ವಿನಮ್ರ ಉತ್ತರ.

1986ರಲ್ಲಿ ಮದರಾಸಿನ ಸ್ನಾತಕೋತ್ತರ ವೈದ್ಯ ವಿದ್ಯಾರ್ಥಿನಿ ನಿರ್ಮಲಾ ಅವರು ಡಾ. ಸುನೀತಿ ಸಾಲೊಮನ್ ಅವರ ಮಾರ್ಗದರ್ಶನದಲ್ಲಿ ರಕ್ತದ ಮಾದರಿಗಳನ್ನು ಸಂಗ್ರಹಿಸಿದರು. ಭಾರತದಲ್ಲಿಯೂ ಈ ಸೋಂಕು ಉಂಟೆಂಬುದು ಆಗಲೇ ಮೊದಲು ತಿಳಿದುಬಂದಿತು. ರೋಗ ನಮ್ಮಲ್ಲಿದೆಯೇ ಎಂಬುದು ಅಂದಿನ ಪ್ರಶ್ನೆ. ಅದರೊಡನೆ ಬಾಳುವುದು ಹೇಗೆ ಎಂಬುದು ಇಂದಿನ ಪ್ರಶ್ನೆ. 2004ರಿಂದ ಸರಕಾರವು ಔಷಧವನ್ನು ಉಚಿತವಾಗಿ ನೀಡುತ್ತಿದೆ. ದಿನವೂ ತಪ್ಪದೆ ಸೇವಿಸಿದರೆ ವೈರಾಣುವು ಪರೀಕ್ಷೆಗೂ ಸಿಕ್ಕದಷ್ಟು ಕ್ಷೀಣಿಸುತ್ತದೆ. ಆ ಸ್ಥಿತಿ ಉಳಿದಿರುವವರೆಗೆ ದಾಂಪತ್ಯದಲ್ಲಿಯೂ ಸೋಂಕು ಹರಡುವುದಿಲ್ಲ. ತಾಯಿಯಿಂದ ಸೋಂಕು ಪಡೆದು ಹುಟ್ಟಿದ ಮಕ್ಕಳು ಇಂದು ಕಾಲೇಜಿನ ಮೆಟ್ಟಿಲೇರಿದ್ದಾರೆ.

ಆದರೆ ಹದಿಹರೆಯದಲ್ಲಿ ನಿಜಸಂಗತಿ ತಿಳಿದಾಗ ಆ ಎಳೆಯ ಮನಸ್ಸು ಕುಸಿಯುತ್ತದೆ. ನಾನೇನು ತಪ್ಪು ಮಾಡಿದ್ದೆ? ಹಾಸ್ಟೆಲಿನಲ್ಲಿ ಮಾತ್ರೆಯ ಡಬ್ಬಿ ಕಂಡವರು ಏನೆಂದಾರು? ನನಗೂ ಮದುವೆಯ ಭಾಗ್ಯವುಂಟೇ? ಮನಸ್ಸು ಸೋತಾಗ ಮಾತ್ರೆ ತಪ್ಪುತ್ತದೆ. ಮಾತ್ರೆ ತಪ್ಪಿದರೆ ದೇಹವೂ ಸೋಲುತ್ತದೆ.

ಈ ಸಂಕಟವನ್ನು ನಮಗಿಂತ ಹೆಚ್ಚು ಉಂಡ ನಾಡು ಆಫ್ರಿಕದ ಜಿಂಬಾಬ್ವೆ. ಅಲ್ಲಿ ಮನೋವೈದ್ಯರು ತೀರ ವಿರಳ. ಡಾ. ಡಿಕ್ಸನ್ ಚಿಬಾಂಡ ಎಂಬ ಮನೋವೈದ್ಯರು 2006ರಲ್ಲಿ ಹರಾರೆ ನಗರದ 14 ಮಂದಿ ಅಜ್ಜಿಯರಿಗೆ ತರಬೇತಿಯಿತ್ತು, ಚಿಕಿತ್ಸಾಲಯದ ಅಂಗಳದ ಬೆಂಚಿನ ಮೇಲೆ ಕುಳ್ಳಿರಿಸಿದರು. ನೊಂದವರು ಬಂದು ಕುಳಿತು ಹೇಳುವರು, ಅಜ್ಜಿ ಕೇಳುವಳು, ಇಬ್ಬರೂ ಸೇರಿ ಒಂದು ದಾರಿ ಹುಡುಕುವರು. ಇಂಥ ಬೆಂಚುಗಳನ್ನು ಕುರಿತು 573 ಮಂದಿಯ ಮೇಲೆ ನಡೆದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಅವರಲ್ಲಿ ಎಚ್.ಐ.ವಿ. ಸೋಂಕಿತರೂ ಅನೇಕರಿದ್ದರು. ಬೆಂಚಿನ ನೆರವು ಪಡೆದವರಲ್ಲಿ ಆರು ತಿಂಗಳ ಬಳಿಕ ಖಿನ್ನತೆ ಬಹಳ ಕಡಿಮೆಯಾಗಿತ್ತು. ಅದೇ ನಾಡಿನ 'ಜ್ವಂದಿರಿ' ಎಂಬ ಕಾರ್ಯಕ್ರಮದಲ್ಲಿ ಸೋಂಕಿನೊಡನೆ ಬಾಳುವ ತರುಣರೇ ತಮ್ಮ ಓರಗೆಯವರ ಮನೆಗೆ ಹೋಗಿ ಧೈರ್ಯ ತುಂಬುತ್ತಾರೆ.

ನಮ್ಮಲ್ಲಿಯೂ 2017ರ ಎಚ್.ಐ.ವಿ. ಕಾಯಿದೆಯು ಸೋಂಕಿತರ ಗುಟ್ಟನ್ನು ಕಾಪಾಡುತ್ತದೆ. ಶಾಲೆಯಲ್ಲಿ, ಉದ್ಯೋಗದಲ್ಲಿ ಭೇದವೆಣಿಸುವುದನ್ನು ನಿಷೇಧಿಸುತ್ತದೆ. ಆದರೆ ಪಿಸುಮಾತನ್ನು ತಡೆಯುವ ಕಾಯಿದೆ ಎಲ್ಲಿದೆ? ಆ ಕೆಲಸ ನಮ್ಮದು.

ಹಿರಿಯರಲ್ಲಿ, ಅದರಲ್ಲೂ ಅಜ್ಜಿಯಂದಿರಲ್ಲಿ, ನನ್ನ ಬಿನ್ನಹವಿಷ್ಟೆ. ಯಾರಿಗೆ ರೋಗವಿದೆ ಎಂದು ಕೆದಕಬೇಡಿ. ಮಂಕಾಗಿ ಕುಳಿತ ಮಗುವನ್ನು ಕಂಡಾಗ "ಊಟವಾಯಿತೇ, ಮಗಾ?" ಎಂದು ಪಕ್ಕದಲ್ಲಿ ಕುಳಿತುಕೊಳ್ಳಿ. ಅದು ಹೇಳಿದ್ದನ್ನು ಕೇಳಿ. ಕೇಳಿದ್ದನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ. ಅಗತ್ಯವಿದ್ದರೆ ವೈದ್ಯರ ಬಳಿಗೆ ಜೊತೆಯಾಗಿ ಹೋಗಿ. ನೂರು ವರ್ಷಗಳಿಂದ ನಮ್ಮ ಪೂರ್ವಿಕರು ಕುಳಿತ ಈ ದೇವಾಲಯದ ಬೆಂಚುಗಳಲ್ಲಿ ಒಂದನ್ನು ಅಂಗಳದ ಮರದ ನೆರಳಿಗೆ ತಂದಿಡೋಣ. ಶತಮಾನೋತ್ಸವದ ನೆನಪಿಗೆ ಅಷ್ಟಾದರೂ ಆಗಲಿ.